ಯಾವ ಎಲೆ ಮೇಲು?

ಕಥೆ ಬರೆಯುವವಳು ವಿಡಿಯೋ ಗೇಮಿನ ಬಗ್ಗೆ ಬರೆಯುತ್ತಾಳೆಂದರೆ ಓದುಗರಿಗೆ ಅನುಮಾನ ಬರುವುದು ಸಹಜ. ಬರೆಯಲು ಬೇರೆ ವಿಷಯ ಸಿಗಲಿಲ್ಲವೇ ಎಂದು ನಮ್ಮ ಮನೆಯವರೂ ಕೇಳಿದರು. ಮಕ್ಕಳ ಕೈಗೆ ಮೊಬೈಲು ಕೊಟ್ಟು ಕೆಡಿಸುತ್ತಿದ್ದೇವೆ ಎಂದು ಹಲುಬುವ ಲೇಖನಗಳು ಬೇಕಾದಷ್ಟಿವೆ, ಅದಕ್ಕೆ ಇನ್ನೊಂದನ್ನು ಸೇರಿಸುವ ಉದ್ದೇಶ ನನಗಿಲ್ಲ. ಹದಿನೇಳು ವರ್ಷದ ನನ್ನ ಮಗಳು ಆಡುವ ಒಂದು ಆಟ, ಅದರ ಎಲೆಗಳಿಗೆ ಅವಳು ಹಾಕಿಟ್ಟ ದರ್ಜೆ, ಅದರಿಂದ ನಮ್ಮಿಬ್ಬರ ನಡುವೆ ಎದ್ದ ಒಂದು ವಾದ, ಇಷ್ಟೇ ಇಲ್ಲಿಯ ಸಂಗತಿ.

ಆಟದ ಹೆಸರು 'ಸ್ಲೇ ದ ಸ್ಪೈರ್'. ಅಮೆರಿಕದ ಸಿಯಾಟಲ್‌ನಲ್ಲಿ ಮೆಗಾ ಕ್ರಿಟ್ ಎಂಬ ಪುಟ್ಟ ಸಂಸ್ಥೆ ಕಟ್ಟಿಕೊಂಡ ಆಂಥೊನಿ ಜಿಯೊವನೆಟ್ಟಿ ಮತ್ತು ಕೇಸಿ ಯಾನೊ ಎಂಬ ಇಬ್ಬರು ಇದನ್ನು ರೂಪಿಸಿದರು. 2017ರ ಕೊನೆಗೆ ಅಪೂರ್ಣ ರೂಪದಲ್ಲಿ ಹೊರಬಂದು 2019ರ ಜನವರಿಯಲ್ಲಿ ಪೂರ್ಣಗೊಂಡಿತು. 2021ರಲ್ಲಿ ಆಂಡ್ರಾಯ್ಡ್ ಫೋನಿಗೂ ಬಂತು. ಇಸ್ಪೀಟಿನಲ್ಲಿ ಕಟ್ಟು ಮೊದಲೇ ಸಿದ್ಧವಿರುತ್ತದೆ. ಐವತ್ತೆರಡು ಎಲೆ, ಕಲಸಿ ಹಂಚಿದರಾಯಿತು. ಇಲ್ಲಿ ಆಡುತ್ತ ಆಡುತ್ತಲೇ ಕಟ್ಟನ್ನು ಕಟ್ಟಿಕೊಳ್ಳಬೇಕು. ಒಂದು ಗೋಪುರ, ಅದನ್ನು ಹತ್ತುತ್ತ ಎದುರಾದ ಶತ್ರುಗಳನ್ನು ಎಲೆ ಹಾಕಿ ಸೋಲಿಸಬೇಕು. 'ಐರನ್‌ಕ್ಲ್ಯಾಡ್' ಎಂಬ ಯೋಧನನ್ನು ಆರಿಸಿಕೊಂಡರೆ ಮೊದಲಿಗೆ ಹತ್ತು ಎಲೆ ಸಿಗುತ್ತವೆ: ಹೊಡೆಯುವ 'ಸ್ಟ್ರೈಕ್' ಐದು, ತಡೆಯುವ 'ಡಿಫೆಂಡ್' ನಾಲ್ಕು, ಶತ್ರುವನ್ನು ಜರ್ಜರಗೊಳಿಸುವ 'ಬ್ಯಾಶ್' ಒಂದು. ಪ್ರತಿ ಸರದಿಗೆ ಐದು ಎಲೆ ಕೈಗೆ ಬರುತ್ತವೆ, ಅವನ್ನು ಆಡಲು ಮೂರು ಅಳತೆ ಶಕ್ತಿ ಮಾತ್ರ. ಒಂದು ಕಾಳಗ ಗೆದ್ದರೆ ಮೂರು ಹೊಸ ಎಲೆ ತೋರಿಸುತ್ತಾರೆ. ಒಂದನ್ನು ಆರಿಸಬಹುದು, ಯಾವುದೂ ಬೇಡ ಎಂದು ಮುಂದೆಯೂ ಹೋಗಬಹುದು. ಸತ್ತರೆ ಎಲ್ಲ ಹೋಯಿತು. ಮತ್ತೆ ಅದೇ ಹತ್ತು ಎಲೆಯಿಂದ ಶುರು.

ಇಷ್ಟು ಕೇಳಿದ ಕೂಡಲೇ, ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳಬೇಕು ಎಂದು ನಮ್ಮಂಥವರಿಗೆ ಅನಿಸುತ್ತದೆ. ಮದುವೆ ಮನೆಯಲ್ಲಿ ಬಡಿಸಿದ್ದನ್ನು ಬೇಡ ಎನ್ನದ ಜನ ನಾವು. ಆದರೆ ಲೆಕ್ಕ ಬೇರೆ ಇದೆ. ಹತ್ತು ಎಲೆಯ ಕಟ್ಟಿನಲ್ಲಿ ಒಂದು ಒಳ್ಳೆಯ ಎಲೆ ಎರಡು ಸರದಿಗೊಮ್ಮೆ ಕೈಗೆ ಬರುತ್ತದೆ. ಕಟ್ಟು ಮೂವತ್ತು ಎಲೆಗೆ ದಪ್ಪವಾದರೆ ಅದೇ ಎಲೆ ಆರು ಸರದಿಗೊಮ್ಮೆ. ಅಷ್ಟರಲ್ಲಿ ಆಟಗಾರನ ಕಥೆ ಮುಗಿದಿರುತ್ತದೆ. ಆದ್ದರಿಂದ ದಾರಿಯಲ್ಲಿ ಸಿಗುವ ವ್ಯಾಪಾರಿಗೆ 75 ನಾಣ್ಯ ಕೊಟ್ಟು ಒಂದು ಎಲೆಯನ್ನು ತೆಗೆಸಿಹಾಕಬಹುದು. ಮುಂದಿನ ಸಲ 100, ಅದರಾಚೆ 125. ಹಣ ಕೊಟ್ಟು ಕಳೆದುಕೊಳ್ಳುವುದು ಇಲ್ಲಿ ಲಾಭದ ವ್ಯಾಪಾರ.

ಮುನ್ನೂರೈವತ್ತಕ್ಕೂ ಹೆಚ್ಚು ಎಲೆಗಳಿರುವ ಈ ಆಟವನ್ನು ಮನಸ್ಸಿಟ್ಟು ಆಡುವವರಿಗೆ ಒಂದು ಚಟ ಹತ್ತಿಕೊಳ್ಳುತ್ತದೆ, ಎಲೆಗಳಿಗೆ ದರ್ಜೆ ಹಾಕುವುದು. ನನ್ನ ಮಗಳೂ ಹಳೆಯ ಭೌತಶಾಸ್ತ್ರದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೆರೆ ಎಳೆದು ಎಸ್, ಎ, ಬಿ, ಸಿ, ಡಿ ಎಂದು ಐದು ಮನೆ ಮಾಡಿದ್ದಳು. ಎಸ್ ಎಂದರೆ ಎಗಿಂತಲೂ ಮೇಲು. ಡಿ ಎಂದರೆ ಕಂಡರೂ ಕೈ ಹಚ್ಚಬಾರದ್ದು. ಸ್ಟ್ರೈಕ್, ಡಿಫೆಂಡ್ ಎರಡೂ ಡಿಯಲ್ಲಿ ಕೂತಿದ್ದವು.

"ಇವಿಲ್ಲದೆ ಮೊದಲ ಕಾಳಗವನ್ನೇ ಗೆಲ್ಲೋಕಾಗಲ್ಲ ಅಂತೀಯ, ಮತ್ತೆ ಡಿ ಯಾಕೆ?" ಎಂದು ಕೇಳಿದೆ.

"ಮೊದಲ ಕಾಳಗಕ್ಕೆ ಬೇಕು ಅಮ್ಮಿ. ಆಮೇಲೆ ಅವೇ ಅಡ್ಡಿ."

ಈ ಉತ್ತರ ನನ್ನನ್ನು ಕೂರಿಸಿತು. ಬಿಡುವಾದಾಗ ಅವಳ ಪಕ್ಕ ಕೂತು ಆಟ ನೋಡತೊಡಗಿದೆ. ನೋಡಿದಷ್ಟೂ ಆ ಐದು ಮನೆಗಳ ಗೋಡೆ ಅಷ್ಟು ಗಟ್ಟಿಯಲ್ಲ ಎಂದು ತಿಳಿಯಿತು. ಮೊದಲ ಹಂತದಲ್ಲಿ 'ಗ್ರೆಮ್ಲಿನ್ ನಾಬ್' ಎಂಬ ದೈತ್ಯ ಬರುತ್ತಾನೆ. ಅವನ ಮುಂದೆ ಹೊಡೆಯುವ ಎಲೆ ಹಾಕಿದರೆ ಸರಿ; ತಡೆಯುವ ಎಲೆ ಹಾಕಿದರೆ ಸಿಟ್ಟಿಗೆದ್ದು ಅವನ ಬಲ ಏರುತ್ತದೆ. ಬೇರೆಲ್ಲ ಕಡೆ ಜೀವ ಉಳಿಸುವ ಡಿಫೆಂಡ್ ಅಲ್ಲಿ ಜೀವಕ್ಕೇ ಕುತ್ತು. 'ಡೀಮನ್ ಫಾರ್ಮ್' ಎಂಬ ಎಲೆ ಇದೆ, ಪ್ರತಿ ಸರದಿಗೂ ಬಲ ಹೆಚ್ಚಿಸುತ್ತ ಹೋಗುತ್ತದೆ. ಹೊಸಬರು ಅದನ್ನು ನೋಡಿ ಹಿಗ್ಗುತ್ತಾರೆ. ಆದರೆ ಅದಕ್ಕೆ ಮೂರು ಶಕ್ತಿ, ಅಂದರೆ ಆ ಸರದಿಯ ಗಳಿಕೆಯೆಲ್ಲ ಸುರಿಯಬೇಕು. ಅದನ್ನು ಹಾಕಿ ಬರಿಗೈಯಲ್ಲಿ ನಿಂತಾಗ ಶತ್ರು ಸುಮ್ಮನಿರುವುದಿಲ್ಲ. ಇನ್ನು ಶಾಪದ ಎಲೆಗಳು. ಅವು ಎಲ್ಲರ ಪಟ್ಟಿಯಲ್ಲೂ ಪಾತಾಳದಲ್ಲಿವೆ. ಆದರೆ 'ಡು-ವು ಡಾಲ್' ಎಂಬ ಗೊಂಬೆ ಕೈಗೆ ಸಿಕ್ಕಿತೋ, ಕಟ್ಟಿನಲ್ಲಿರುವ ಒಂದೊಂದು ಶಾಪಕ್ಕೆ ಒಂದೊಂದು ಬಲ ಸೇರುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು 'ಫೀಲ್ ನೋ ಪೇನ್' ಎಂಬ ಎಲೆ. ಒಂದು ಎಲೆ ಉರಿದು ಆಟದಿಂದ ಹೊರಗೆ ಹೋದಾಗಲೆಲ್ಲ ಇದು ಮೂರರಷ್ಟು ರಕ್ಷಣೆ ಕೊಡುತ್ತದೆ. ಉರಿಯುವ ಎಲೆ ಕಟ್ಟಿನಲ್ಲಿ ಇಲ್ಲದಿದ್ದರೆ ಇದಕ್ಕೆ ಕೆಲಸವೇ ಇಲ್ಲ. ಆದರೆ 'ಕರಪ್ಷನ್' ಎಂಬ ಇನ್ನೊಂದು ಎಲೆ ಜೊತೆಗೆ ಬಂದರೆ ತಡೆಯುವ ಎಲೆಗಳೆಲ್ಲ ಪುಕ್ಕಟೆಯಾಗಿ, ಒಂದೊಂದು ಸಲ ಆಡಿ ಉರಿದುಹೋಗುತ್ತವೆ. ಆಗ ಈ ಕೆಲಸವಿಲ್ಲದ ಎಲೆಯೇ ಕೋಟೆಯಾಗುತ್ತದೆ. ಡಿಯಲ್ಲಿ ಕೊಳೆಯುತ್ತಿದ್ದ ಬಡ ಡಿಫೆಂಡುಗಳಿಗೂ ಮರ್ಯಾದೆ ಬರುತ್ತದೆ. ಹಾಗಾದರೆ ಇದರ ದರ್ಜೆ ಏನು? ಮಗಳು ಮೊದಲು ಸಿ ಎಂದು ಬರೆದು ಹೊಡೆದುಹಾಕಿ ಎ ಮಾಡಿದ್ದಳು.

ಈ ಬಗೆಯ ಆಟಗಳ ಮೂಲಪುರುಷ ಎನ್ನಬಹುದಾದದ್ದು ಮೇಜಿನ ಮೇಲೆ ಆಡುವ 'ಡೊಮಿನಿಯನ್'. ಡೊನಾಲ್ಡ್ ವಕ್ಕರಿನೊ ರಚಿಸಿದ ಇದು 2008ರಲ್ಲಿ ಬಂತು, ಮರುವರ್ಷ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆಯಿತು. ಅದರಲ್ಲಿ 'ಚಾಪೆಲ್' ಎಂಬ ಎಲೆಯ ಬೆಲೆ ಎರಡೇ ನಾಣ್ಯ. ಅದು ಹಣ ಕೊಡುವುದಿಲ್ಲ, ಅಂಕ ಕೊಡುವುದಿಲ್ಲ. ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಬಿಸಾಡಲು ಬಿಡುತ್ತದೆ, ಅಷ್ಟೆ. ಹೊಸಬರು ಅದನ್ನು ಮೂಸಿಯೂ ನೋಡುವುದಿಲ್ಲ. ಪಳಗಿದವರು ಮೊದಲು ಕೈಚಾಚುವುದು ಅದಕ್ಕೇ.

ದರ್ಜೆ ಹಾಕಲು ಆಟಗಾರರ ಅನುಭವ ಒಂದು ದಾರಿಯಾದರೆ, ಆಟ ಮಾಡಿದವರಿಗೆ ಇನ್ನೊಂದು ದಾರಿಯಿತ್ತು. ಜಿಯೊವನೆಟ್ಟಿಯವರ ತಂಡ ಜನ ಯಾವ ಎಲೆ ಆರಿಸುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾರು ಗೆದ್ದರು ಎಂಬ ಲೆಕ್ಕವನ್ನು ರಾಶಿರಾಶಿಯಾಗಿ ಸಂಗ್ರಹಿಸಿ, ಅದನ್ನು ನೋಡಿಕೊಂಡು ಎಲೆಗಳನ್ನು ತಿದ್ದುತ್ತಿತ್ತು. ಆದರೆ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಗೋಪುರದ ಮೇಲಿನ ಮಹಡಿಯಲ್ಲಿ ಸಿಗುವ ಎಲೆ ಗೆದ್ದವರ ಕಟ್ಟಿನಲ್ಲೇ ಹೆಚ್ಚಾಗಿ ಕಾಣುತ್ತದೆ. ಅಷ್ಟು ಮೇಲೆ ಏರಿದವರು ಹೇಗೂ ಗೆಲುವಿಗೆ ಹತ್ತಿರವಿದ್ದವರು. ಗೆಲ್ಲಿಸಿದ್ದು ಆ ಎಲೆಯೋ, ಅಲ್ಲಿಯವರೆಗೆ ಹೊತ್ತು ತಂದ ಕಳಪೆ ಎಲೆಗಳೋ?

ದರ್ಜೆಯ ಈ ಗೋಜಲು ಹೊಸದೇನಲ್ಲ. ಮೊಗಲರ ಕಾಲದ ಗಂಜೀಫಾದಲ್ಲಿ ತೊಂಬತ್ತಾರು ಎಲೆ. ಎಂಟು ಬಣ, ಬಣಕ್ಕೆ ಹನ್ನೆರಡು. ಪ್ರತಿ ಬಣದಲ್ಲೂ ಮೇಲೆ ಮೀರ್, ಅವನ ಕೆಳಗೆ ವಜೀರ್. ಉಳಿದ ಹತ್ತು ಎಲೆಗಳಲ್ಲಿ ನಾಲ್ಕು ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಇನ್ನು ನಾಲ್ಕು ಬಣಗಳಲ್ಲಿ ತಲೆಕೆಳಗು: ವಜೀರನ ಪಕ್ಕದ ಜಾಗ ಒಂದಕ್ಕೆ, ಹತ್ತು ಎಲ್ಲಕ್ಕಿಂತ ಕೆಳಗೆ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾದಲ್ಲಿ ಮುಳುಗಿ ಹೊಸ ಹೊಸ ಆಟಗಳನ್ನು ಕಟ್ಟಿದವರು. ಯಾವ ಬಣದಲ್ಲಿ ನಿಂತಿದ್ದೇನೆ ಎಂದು ತಿಳಿಯದೆ ಒಂದು ದೊಡ್ಡದೋ ಹತ್ತು ದೊಡ್ಡದೋ ಎಂದು ಹೇಳಲಾಗದು ಎಂಬುದು ಆ ಆಟಗಾರರಿಗೆ ಮೊದಲ ಪಾಠವೇ ಆಗಿತ್ತು.

ಮಗಳು ಪಿಯುಸಿ ವಿಜ್ಞಾನಕ್ಕೆ ಸೇರುವ ಹೊತ್ತಿಗೆ ಈ ದರ್ಜೆಯ ಪ್ರಶ್ನೆ ನೋಟ್‌ಬುಕ್ಕಿನಿಂದ ಎದ್ದು ಮನೆಯೊಳಗೆ ಬಂತು. ಇಂಗ್ಲಿಷಿನ ಜೊತೆಗೆ ಯಾವ ಭಾಷೆ? ಕಾಲೇಜಿನ ಪ್ರವೇಶದ ಮೇಜಿನಲ್ಲಿ ಕೂತಿದ್ದವರು ಭಾಷೆಗಳಿಗೂ ದರ್ಜೆ ಹಾಕಿಯೇ ಇಟ್ಟಿದ್ದರು. ಯಾವುದರಲ್ಲಿ ಅಂಕ ಸುಲಭ, ಯಾವುದರಲ್ಲಿ ಓದು ಕಡಿಮೆ ಎಂಬುದೊಂದೇ ಮಾನದಂಡ. ಉರ್ದು ಅಲ್ಲಿರಲೇ ಇಲ್ಲ. ಕನ್ನಡ ಇತ್ತು, ಕೊನೆಯಲ್ಲಿ. "ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಲೆಕ್ಕಕ್ಕಿಲ್ಲ, ಯಾಕೆ ತಲೆ ಕೆಡಿಸಿಕೊಳ್ತೀರಿ" ಎಂದು ಸಮಾಧಾನವನ್ನೂ ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ.

ಮನೆಗೆ ಬಂದು ಮಗಳು ತನ್ನ ಆಟದ ನ್ಯಾಯವನ್ನೇ ಮುಂದಿಟ್ಟಳು. "ಕಟ್ಟು ತೆಳ್ಳಗಿರಬೇಕು ಅಮ್ಮಿ. ಉರ್ದು, ಕನ್ನಡ ಎರಡೂ ಸ್ಟ್ರೈಕು, ಡಿಫೆಂಡು ಇದ್ದ ಹಾಗೆ. ಚಿಕ್ಕವಳಿದ್ದಾಗ ಬೇಕಿತ್ತು. ಈಗ ತೆಗೀಬೇಕು."

ನಾನು ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ, ಎಂಟನೆಗೆ ಕನ್ನಡ ಹೈಸ್ಕೂಲಿಗೆ ಸೇರಿದವಳು. ಉರ್ದುವಷ್ಟೇ ಕಲಿತ ನನ್ನ ಓರಗೆಯವರಿಗೆ ತಾಲೂಕು ಕಚೇರಿಯಲ್ಲಿ ಒಂದು ಅರ್ಜಿ ಬರೆಯಲು ಬೇರೆಯವರ ಕೈ ಬೇಕಾಯಿತು. ಕನ್ನಡವಷ್ಟೇ ಬಲ್ಲ ಗೆಳತಿಯರಿಗೆ ನಮ್ಮ ನಡುಮನೆಯ ಹೆಂಗಸರು ದನಿ ತಗ್ಗಿಸಿ ಆಡುವ ಮಾತು ಕೇಳಿಸಲಿಲ್ಲ. ಎರಡೂ ನನ್ನ ಕೈಯಲ್ಲಿದ್ದುದರಿಂದ ನನಗೆ ಕಥೆಗಳು ಸಿಕ್ಕವು. ಸಂತೆಯಲ್ಲಿ ಎರಡಕ್ಕೂ ಸಿ ದರ್ಜೆಯೇ ಇರಬಹುದು. ಜೊತೆಗೆ ಬಂದಾಗ ಅವು ನಿನ್ನ ಫೀಲ್ ನೋ ಪೇನ್, ಕರಪ್ಷನ್ ಇದ್ದ ಹಾಗೆ ಎಂದೆ.

ಅವಳು ಸ್ವಲ್ಪ ಯೋಚಿಸಿ ಹೇಳಿದಳು: "ನೀವು ಗೋಪುರ ಹತ್ತಿದ ಮೇಲೆ ಹೇಳ್ತಿದ್ದೀರಿ. ಗೆದ್ದವರು ತಮ್ಮ ಕಟ್ಟಿನಲ್ಲಿ ಇದ್ದದ್ದನ್ನೆಲ್ಲ ಒಳ್ಳೇದು ಅಂತಾರೆ. ನಾನು ಮೊದಲ ಮಹಡೀಲಿದ್ದೀನಿ. ನನಗೂ ಮೂರೇ ಶಕ್ತಿ."

ಸುಳ್ಳೆಂದು ತಳ್ಳಿಹಾಕುವ ಮಾತಲ್ಲ ಅದು. ಬೆಳಿಗ್ಗೆ ಐದಕ್ಕೆದ್ದು ಟ್ಯೂಷನ್ನಿಗೆ ಓಡುವ ಹುಡುಗಿಗೆ ಪರಂಪರೆಯ ಬಗ್ಗೆ ಉಪನ್ಯಾಸ ಕೊಡುವುದು ಸುಲಭ, ಅವಳ ದಿನಕ್ಕೆ ಒಂದು ಗಂಟೆ ಸೇರಿಸಿಕೊಡುವುದು ನನ್ನಿಂದಾಗದು. ಆದರೂ ಆಟಕ್ಕೂ ಮನೆಗೂ ಒಂದು ವ್ಯತ್ಯಾಸವಿದೆ, ಅದನ್ನು ಅವಳಿಗೆ ಹೇಳಿದೆ. ಆಟದಲ್ಲಿ ಸ್ಟ್ರೈಕುಗಳನ್ನೆಲ್ಲ ತೆಗೆಸಿಹಾಕಿದರೂ ಮುಂದಿನ ಸಲ ಅದೇ ಹತ್ತು ಎಲೆ ಮತ್ತೆ ಕೈಗೆ ಬರುತ್ತವೆ. ಮನೆಯಲ್ಲಿ ಬರುವುದಿಲ್ಲ. ನಾನು ತೆಗೆದ ಎಲೆ ನಿನ್ನ ಮೊದಲ ಕಟ್ಟಿನಲ್ಲಿ ಇರುತ್ತಿರಲಿಲ್ಲ. ನೀನು ತೆಗೆದದ್ದು ನಿನ್ನ ಮಕ್ಕಳ ಕಟ್ಟಿನಲ್ಲಿ ಇರುವುದಿಲ್ಲ. ನನ್ನ ಅಬ್ಬಾ ಬರೆದಿಟ್ಟ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕಗಳು, ಹಾಸ್ಟೆಲಿನಲ್ಲಿದ್ದ ನನಗೆ ಅವರು ಬರೆದ ಕಾಗದಗಳು ಎಲ್ಲ ಉರ್ದುವಿನಲ್ಲಿವೆ. ಈ ಮನೆಯಲ್ಲಿ ಅವನ್ನು ಓದಬಲ್ಲವಳು ಈಗ ನಾನೊಬ್ಬಳೇ.

ಅವಳು ಏನೂ ಹೇಳಲಿಲ್ಲ. ಕಾಲೇಜಿನಲ್ಲಿ ಕನ್ನಡ ತೆಗೆದುಕೊಂಡಳು. ಅದು ನನ್ನ ವಾದಕ್ಕೋ, ಗೆಳತಿಯರು ಅಲ್ಲಿದ್ದಾರೆಂದೋ ನಾನು ಕೇಳಿಲ್ಲ. ಉರ್ದುವಿನ ಅಕ್ಷರಗಳನ್ನು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು, ಕೈಬರಹ ಓದಲು ಬರುತ್ತಿರಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ, ಪರೀಕ್ಷೆ ಇಲ್ಲದ ವಾರಗಳಲ್ಲಿ, ಅಬ್ಬಾನ ಲೆಕ್ಕದ ಪುಸ್ತಕ ಹಿಡಿದು ಕೂರುತ್ತಾಳೆ. ಅಬ್ಬಾ ಚುಕ್ಕೆ ಹಾಕುವುದರಲ್ಲಿ ಜಿಪುಣರು, ಹಾಗಾಗಿ ಒಂದು ಪುಟಕ್ಕೆ ಎರಡು ಭಾನುವಾರ ಹಿಡಿಯುತ್ತದೆ. ಹೋದ ತಿಂಗಳು ಸಾಲದ ಪುಟ ಬಂತು. ಎಷ್ಟೋ ಹೆಸರುಗಳ ಮುಂದೆ ಅಬ್ಬಾ ಮೊತ್ತ ಬರೆದು, ಆಮೇಲೆ ಗೆರೆ ಎಳೆದು, ಪಕ್ಕದಲ್ಲಿ ಒಂದೇ ಪದ ಬರೆದಿದ್ದಾರೆ. ಮಗಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: 'ಮಾಫ್'.

"ಇಷ್ಟು ಜನರಿಗಾ?" ಎಂದಳು. ಮುಂದಿನ ಪುಟ ತಿರುವಿದಳು.