ಯಾವುದಕ್ಕೆ ಹೋಲಿಸಿದರೆ ಉಳಿತಾಯ?

ಇನ್ನೋವಾ ಹೈಕ್ರಾಸ್ ಕೊಳ್ಳುವ ಮುಂಚೆ ನಾನು ಹಾಕಿದ್ದ ಲೆಕ್ಕದಲ್ಲಿ ಕೂಡುವ, ಕಳೆಯುವ ತಪ್ಪು ಒಂದೂ ಇರಲಿಲ್ಲ. ಆ ಎಕ್ಸೆಲ್ ಶೀಟು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಮೈಲೇಜು, ಪೆಟ್ರೋಲ್ ದರ, ಸಾಲದ ಬಡ್ಡಿ, ಇನ್ಶೂರೆನ್ಸು, ಐದು ವರ್ಷ ಬಿಟ್ಟು ಮಾರಿದರೆ ಬರಬಹುದಾದ ಬೆಲೆ, ಎಲ್ಲಕ್ಕೂ ಒಂದೊಂದು ಕಾಲಂ. ಈಗ ತೆರೆದು ನೋಡಿದರೂ ಅಂಕಿಗಳು ಸರಿಯಾಗೇ ಇವೆ. ನಾನು ಎಡವಿದ್ದು ಯಾವ ಕಾರಿನ ಪಕ್ಕ ಯಾವ ಕಾರನ್ನು ಇಟ್ಟು ನೋಡಿದೆ ಎಂಬಲ್ಲಿ. ಅದಕ್ಕಿಂತ ಹೆಚ್ಚಾಗಿ, ಯಾರನ್ನು ಕೇಳದೆ ಇಟ್ಟು ನೋಡಿದೆ ಎಂಬಲ್ಲಿ.

ನಮ್ಮ ಮನೆ ಕೆಂಗೇರಿ ಉಪನಗರದಲ್ಲಿ. ನನ್ನ ಆಫೀಸು ವೈಟ್‌ಫೀಲ್ಡ್, ಹೆಂಡತಿ ಬಸವನಗುಡಿಯ ಶಾಲೆಯೊಂದರಲ್ಲಿ ಟೀಚರ್. ಮನೆಯಲ್ಲಿ ಒಂದು ವ್ಯಾಗನ್ ಆರ್ ಇತ್ತು, ಅದನ್ನು ಓಡಿಸುತ್ತಿದ್ದವಳು ಅವಳು. ನಾನು ಕಂಪನಿಯ ಕ್ಯಾಬಿನಲ್ಲಿ ಹೋಗಿ ಬರುತ್ತಿದ್ದೆ. ಕೋವಿಡ್ ಮುಗಿದು ಆಫೀಸು ಮತ್ತೆ ಶುರುವಾದಾಗ ಕ್ಯಾಬ್ ಸೌಲಭ್ಯ ನಿಂತಿತ್ತು. ದಿನಾ ಬಳಸಲು ಒಂದು ಕಾರು ಬೇಕು ಎಂದು ಹುಡುಕಲು ಹೊರಟೆ. 2022ರ ನವೆಂಬರಿನಲ್ಲಿ ಹೊಸ ಇನ್ನೋವಾ, ಅಂದರೆ ಹೈಕ್ರಾಸ್, ಬಂದಿತ್ತು.

ಇನ್ನೋವಾ ಅಂದರೆ ನಮ್ಮ ಕಡೆಯವರಿಗೆ ಬರೀ ಕಾರಲ್ಲ. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಇನ್ನೋವಾ, 2016ರಲ್ಲಿ ಕ್ರಿಸ್ಟಾ. ಮದುವೆ ದಿಬ್ಬಣ, ಧರ್ಮಸ್ಥಳದ ಪ್ರವಾಸ, ರಾತ್ರೋರಾತ್ರಿ ಆಸ್ಪತ್ರೆಗೆ ಓಡುವುದು, ಎಲ್ಲಕ್ಕೂ ಅದೇ ಗಾಡಿ. ಆ ಹಳೆಯದು ಲಾರಿಯ ಹಾಗೆ ಗಟ್ಟಿ ಚಾಸಿಯ ಮೇಲೆ ಬಾಡಿ ಕೂರಿಸಿದ, ಹಿಂದಿನ ಚಕ್ರ ತಿರುಗಿಸುವ ಡೀಸೆಲ್ ಗಾಡಿ. ಹೈಕ್ರಾಸ್‌ನಲ್ಲಿ ಇದೆಲ್ಲವೂ ಬದಲಾಯಿತು. ಚಾಸಿ ಬೇರೆ, ಬಾಡಿ ಬೇರೆ ಎಂಬುದು ಹೋಗಿ ಎರಡೂ ಒಂದೇ ಆದವು. ಮುಂದಿನ ಚಕ್ರಗಳು ಎಳೆಯತೊಡಗಿದವು. ಡೀಸೆಲ್ ಹೋಗಿ ಎರಡು ಲೀಟರಿನ ಪೆಟ್ರೋಲ್ ಎಂಜಿನ್ ಬಂತು, ಅದರ ಜೊತೆಗೆ ಬೇಕೆಂದರೆ ಹೈಬ್ರಿಡ್. ಹೆಸರೊಂದನ್ನು ಉಳಿಸಿಕೊಂಡು ಗಾಡಿಯನ್ನು ಬುಡದಿಂದ ಹೊಸದಾಗಿ ಕಟ್ಟಿದ್ದರು. ಕೆಂಗೇರಿಯಿಂದ ಹದಿನೈದಿಪ್ಪತ್ತು ಕಿಲೋಮೀಟರಿನಾಚೆ ತಯಾರಾಗುವ ಕಾರು ಎಂಬ ಅಭಿಮಾನವೂ ನನ್ನಲ್ಲಿ ಸೇರಿಕೊಂಡಿತು.

ಟೆಸ್ಟ್ ಡ್ರೈವ್‌ಗೆ ನಾನೊಬ್ಬನೇ ಹೋದೆ. ಮಧ್ಯಾಹ್ನದ ಹೊತ್ತು, ರಸ್ತೆ ಖಾಲಿ. ಬಟನ್ ಒತ್ತಿದರೆ ಎಂಜಿನ್ ಸದ್ದೇ ಇಲ್ಲ, ಗಾಡಿ ತಾನಾಗಿ ಜಾರಿಕೊಂಡು ಹೊರಟಿತು. ಈ ಬಗೆಯ ಹೈಬ್ರಿಡ್‌ಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಕೆಲಸವಿಲ್ಲ. ನಿಂತಲ್ಲಿಂದ ಹೊರಡುವಾಗ ವಿದ್ಯುತ್ ಮೋಟಾರು ತಳ್ಳುತ್ತದೆ, ವೇಗ ಏರಿದ ಮೇಲೆ ಎಂಜಿನ್ ಸೇರಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಅದೇ ಮೋಟಾರು ಜನರೇಟರಾಗಿ, ಮಾಮೂಲಿ ಕಾರಿನಲ್ಲಿ ಬ್ರೇಕ್ ಪ್ಯಾಡಿನ ಬಿಸಿಯಾಗಿ ಹೋಗುವ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿ ಸಣ್ಣದು, ಅದೊಂದರ ಮೇಲೆ ದೂರ ಹೋಗಲಾಗದು. ಅದರ ಕೆಲಸವೇ ಈಗ ಕೂಡಿಟ್ಟು ಇನ್ನೊಂದು ಕ್ಷಣಕ್ಕೆ ಖರ್ಚು ಮಾಡುವುದು. ಹಾಗಾಗಿ ಬ್ರೇಕ್ ಹೆಚ್ಚಾದಷ್ಟೂ ಮಾಮೂಲಿ ಕಾರಿಗಿಂತ ಇದಕ್ಕೆ ಲಾಭ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಇಂಚಿಂಚು ಸರಿಯುವಾಗ ಎಂಜಿನ್ ಬಹುಪಾಲು ಆಫ್ ಆಗಿರುತ್ತದೆ, ಎಸಿ ಮಾತ್ರ ನಡೆಯುತ್ತಿರುತ್ತದೆ. ಅದೇ ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಒಂದೇ ಸಮನೆ ಓಡಿಸಿದರೆ ಕೂಡಿಡಲು ಬ್ರೇಕೇ ಇಲ್ಲ. ಗಾಳಿಯನ್ನು ಸೀಳುವ ಕೆಲಸವೆಲ್ಲ ಪೆಟ್ರೋಲಿನದೇ. ಹೆದ್ದಾರಿಯಲ್ಲಿ ಹೆಚ್ಚು, ಊರಲ್ಲಿ ಕಡಿಮೆ ಎಂದು ನಾವು ಕಲಿತ ಮೈಲೇಜಿನ ಪಾಠ ಇಲ್ಲಿ ಎಷ್ಟೋ ಸಲ ತಿರುವುಮುರುವು. ಇದೆಲ್ಲ ನನಗೆ ಆಗಲೇ ಗೊತ್ತಿತ್ತು. ಬೆಂಗಳೂರಿನ ಟ್ರಾಫಿಕ್‌ಗೆಂದೇ ಮಾಡಿದ ಗಾಡಿ ಅನ್ನಿಸಿತು. ಆ ಅನಿಸಿಕೆ ಈಗಲೂ ನನ್ನದೇ.

ಶೀಟಿನ ಮೊದಲ ಸಾಲಿನಲ್ಲಿ ಎರಡು ಅಂಕಿ ಬರೆದೆ. ಬರೀ ಪೆಟ್ರೋಲಿನ ಹೈಕ್ರಾಸ್‌ಗೆ ಎಆರ್‌ಎಐ (ವಾಹನ ಪರೀಕ್ಷಾ ಸಂಸ್ಥೆ) ಮೈಲೇಜು ಲೀಟರಿಗೆ 16.13 ಕಿಲೋಮೀಟರ್, ಹೈಬ್ರಿಡ್‌ಗೆ 23.24. ಏಳು ಕಿಲೋಮೀಟರಿನ ಈ ಅಂತರ ಕಣ್ಣಿಗೆ ದೊಡ್ಡದಾಗಿ ಕಂಡಿತು. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ಮೊದಲನೆಯದಕ್ಕೆ 930 ಲೀಟರ್, ಎರಡನೆಯದಕ್ಕೆ 645. ಉಳಿಯುವುದು 285 ಲೀಟರ್. ಆಗ ಬೆಂಗಳೂರಿನಲ್ಲಿ ಪೆಟ್ರೋಲ್ 101 ರೂಪಾಯಿ 94 ಪೈಸೆ, ಅಂದರೆ ವರ್ಷಕ್ಕೆ 29,000 ರೂಪಾಯಿ. ಇನ್ನೊಂದು ಕಡೆ, ಬಿಡುಗಡೆಯ ಹೊತ್ತಿನ ಶೋರೂಂ ಬೆಲೆಯಲ್ಲಿ ಪೆಟ್ರೋಲ್ ಗಾಡಿ 18.30 ಲಕ್ಷಕ್ಕೆ ಶುರು, ಹೈಬ್ರಿಡ್ 24.01 ಲಕ್ಷಕ್ಕೆ. ಎರಡರ ಸೌಕರ್ಯಗಳು ಒಂದೇ ಅಲ್ಲ, ನಿಜ. ಆದರೂ ಆ ವ್ಯತ್ಯಾಸ ಬರೀ ಪೆಟ್ರೋಲಿನಿಂದ ತುಂಬಿಬರಬೇಕಾದರೆ ಹತ್ತೊಂಬತ್ತು, ಇಪ್ಪತ್ತು ವರ್ಷ ಬೇಕು. ಆ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆ, ರಸ್ತೆ ತೆರಿಗೆ ಸೇರಿಲ್ಲ. ಹೈಬ್ರಿಡ್ ಮೇಲೆ ಜಿಎಸ್‌ಟಿ ಮತ್ತು ಸೆಸ್ ಕೂಡಿ ಆಗ ಶೇ. 43 ಇತ್ತು, ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಶೇ. 5 ಮಾತ್ರ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ರಸ್ತೆ ತೆರಿಗೆ ಶೇ. 18. ಈ ಅಂಕಿಗಳನ್ನೆಲ್ಲ ನೋಡಿಯೂ ‘ರೀಸೇಲ್ ಚೆನ್ನಾಗಿದೆ, ಪರಿಸರಕ್ಕೂ ಒಳ್ಳೆಯದು’ ಎಂದು ಮನಸ್ಸನ್ನು ಒಪ್ಪಿಸಿಕೊಂಡೆ. ಆಸೆ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು, ಶೀಟು ತುಂಬಿದ್ದು ಆಮೇಲೆ.

ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅಳೆಯುವ ಪದ್ಧತಿಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟಿದ್ದರು. ನಮ್ಮ ಅಳತೆಯಲ್ಲಿ ಹೇಳುವುದಾದರೆ, 15,000 ಕಿಲೋಮೀಟರಿಗೆ ಹತ್ತರ ಮೈಲೇಜಿನಿಂದ ಹದಿನೈದಕ್ಕೆ ಏರಿದರೆ 500 ಲೀಟರ್ ಉಳಿತಾಯ. ಇಪ್ಪತ್ತರಿಂದ ಇಪ್ಪತ್ತೈದಕ್ಕೆ ಏರಿದರೆ ಬರೀ 150 ಲೀಟರ್. ಏರಿದ್ದು ಎರಡೂ ಕಡೆ ಐದೇ. ಹಳೆಯ ಡೀಸೆಲ್ ಗಾಡಿಯನ್ನು ಊರೊಳಗೆ ಹತ್ತರ ಮೈಲೇಜಿನಲ್ಲಿ ಓಡಿಸುತ್ತಿದ್ದವರು ಹೈಕ್ರಾಸ್‌ಗೆ ಬಂದರೆ ಅವರಿಗದು ನಿಜವಾದ ಲಾಭ. ನನ್ನ ಮನೆಯಲ್ಲಿ ಇದ್ದದ್ದು ಡೀಸೆಲ್ ಇನ್ನೋವಾ ಅಲ್ಲ, ವ್ಯಾಗನ್ ಆರ್.

ಆ ವ್ಯಾಗನ್ ಆರ್ ನನ್ನ ಶೀಟಿನಲ್ಲಿ ಕಾಣಿಸುವುದು ಒಂದೇ ಒಂದು ಕಡೆ, ‘ಎಕ್ಸ್‌ಚೇಂಜ್‌ನಿಂದ ಬರುವ ಹಣ’ ಎಂಬ ಸಾಲಿನಲ್ಲಿ. ಅದು ಊರಲ್ಲಿ ಹದಿನೈದು, ಹದಿನಾರರ ಮೈಲೇಜು ಕೊಡುತ್ತಿತ್ತು. ಹೊಸ ಹೈಬ್ರಿಡ್ ಬಂದ ಮೇಲೆ ಅದೇ ರಸ್ತೆಯಲ್ಲಿ ಸಿಕ್ಕಿದ್ದೂ ಹದಿನಾರರ ಆಸುಪಾಸು. ಅಷ್ಟು ದೊಡ್ಡ ಗಾಡಿಗೆ ಇದು ನಿಜಕ್ಕೂ ದೊಡ್ಡ ಸಾಧನೆ, ಕಾರಿನಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಬಂಕಿನಲ್ಲಿ ನಮ್ಮ ಸಂಸಾರಕ್ಕೆ ಉಳಿದ ಪೆಟ್ರೋಲ್ ಸೊನ್ನೆ. ಹೈಬ್ರಿಡ್ ಉಳಿಸುವುದು ತನ್ನಷ್ಟೇ ದೊಡ್ಡ ಇನ್ನೊಂದು ಗಾಡಿಗೆ ಹೋಲಿಸಿದರೆ. ನಾನು ಶೋರೂಮಿನ ಎರಡು ಗಾಡಿಗಳನ್ನು ತೂಗಿ ನೋಡಿದ್ದೆನೇ ಹೊರತು ನಮ್ಮ ಮನೆಯ ಮುಂದೆ ನಿಂತಿದ್ದ ಗಾಡಿಯನ್ನಲ್ಲ.

ಪೆಟ್ರೋಲಿನ ಮಾತು ಇಲ್ಲಿಗೆ ಸಾಕು. ನನಗೆ ನಿದ್ದೆ ಕೆಡಿಸಿದ್ದು ಅದಲ್ಲ.

ವ್ಯಾಗನ್ ಆರ್ ಕೊಟ್ಟರೆ ಸಾಲದ ಕಂತು ಸ್ವಲ್ಪ ಇಳಿಯುತ್ತದೆ, ಎರಡು ಕಾರಿಗೆ ಪಾರ್ಕಿಂಗೂ ಇಲ್ಲ ಎಂದು ಹೆಂಡತಿಗೆ ಹೇಳಿದ್ದೆ. ‘ನಾನು ಶಾಲೆಗೆ ಹೇಗೆ ಹೋಗ್ಲಿ ರೀ?’ ಎಂದು ಕೇಳಿದ್ದಳು. ‘ಹೊಸ ಗಾಡೀನೇ ತಗೊಂಡು ಹೋಗು, ನನಗೆ ವಾರದಲ್ಲಿ ಎರಡು ಮೂರು ದಿನ ತಾನೇ ಆಫೀಸು’ ಅಂದೆ. ಅದು ಕೇಳಲು ಉದಾರವಾದ ಮಾತು. ಆದರೆ ಅವಳು ಹೋಗುವ ದಾರಿ ಎಂಥದ್ದು ಎಂದು ನಾನು ಯೋಚಿಸಿರಲೇ ಇಲ್ಲ. ಬಸವನಗುಡಿಯ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಗಾಡಿಗಳು ನಿಂತಿರುತ್ತವೆ, ನಡುವೆ ಆಟೋ, ಹೂವಿನ ಗಾಡಿ. ಎದುರಿಗೆ ಇನ್ನೊಂದು ಕಾರು ಬಂದರೆ ಯಾರಾದರೊಬ್ಬರು ರಿವರ್ಸ್ ತೆಗೆಯಲೇಬೇಕು. ವ್ಯಾಗನ್ ಆರ್ ಮೂರು ಮುಕ್ಕಾಲು ಮೀಟರನ್ನೂ ಮುಟ್ಟದ ಕಾರು, ಹೈಕ್ರಾಸ್ ನಾಲ್ಕು ಮುಕ್ಕಾಲು ಮೀಟರ್. ಅವಳು ಕೆಲವು ವಾರ ಓಡಿಸಿದಳು. ಶಾಲೆಯ ಹತ್ತಿರ ಜಾಗ ಸಿಗದೆ ಎಲ್ಲೋ ದೂರ ನಿಲ್ಲಿಸಿ, ಉತ್ತರ ಪತ್ರಿಕೆಗಳ ಕಟ್ಟು ಹೊತ್ತು ನಡೆಯುತ್ತಿದ್ದಳು. ಒಂದು ದಿನ ಬಾಗಿಲಿಗೆ ಕಂಬ ಉಜ್ಜಿತು. ನಾನು ಬೈಯಲಿಲ್ಲ. ಆದರೆ ಗೀರಿನ ಮುಂದೆ ಕೂತು ಮೊಬೈಲ್ ಟಾರ್ಚು ಹಾಕಿ ತುಂಬಾ ಹೊತ್ತು ನೋಡಿದೆ. ಅವಳಿಗೆ ಅಷ್ಟೇ ಸಾಕಾಯಿತು. ಮರುದಿನದಿಂದ ಆಟೋ.

ಅವಳು ಜಗಳ ಮಾಡಿದ್ದರೆ ನನಗೆ ಬೇಗ ಅರ್ಥವಾಗುತ್ತಿತ್ತೇನೋ. ಏನೂ ಹೇಳದೆ ಓಡಾಟವನ್ನೇ ಕಡಿಮೆ ಮಾಡಿಬಿಟ್ಟಳು. ಶಾಲೆ ಮುಗಿಸಿ ಗಿರಿನಗರದಲ್ಲಿರುವ ಅಮ್ಮನನ್ನು ನೋಡಿ ಬರುವುದು, ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವುದು, ಶನಿವಾರ ಸಂಜೆಯ ಸಂಗೀತದ ಪಾಠ, ಒಂದೊಂದಾಗಿ ನಿಂತವು. ಎಷ್ಟೋ ತಿಂಗಳ ಮೇಲೆ ಅತ್ತೆಯವರೇ ಫೋನಿನಲ್ಲಿ, ‘ಅವಳಿಗೆ ಹುಷಾರಿಲ್ವೇನಪ್ಪಾ, ಇತ್ಲಾಗೆ ಬರೋದನ್ನೇ ಬಿಟ್ಟಿದಾಳಲ್ಲ’ ಎಂದು ಕೇಳಿದಾಗ ನನಗೆ ತಿಳಿಯಿತು. ಅವತ್ತು ಶೀಟು ತೆರೆದು ಮೇಲಿನಿಂದ ಕೆಳಗಿನವರೆಗೆ ಓದಿದೆ. ದಿನಬಳಕೆಯ ಕಾರು ಎಂದು ತಲೆಬರಹ ಕೊಟ್ಟಿದ್ದೆ. ನಮ್ಮ ಮನೆಯಲ್ಲಿ ದಿನಾ ಕಾರು ಬಳಸುತ್ತಿದ್ದವಳ ಒಂದು ಸಾಲೂ ಅದರಲ್ಲಿರಲಿಲ್ಲ.

ಇಷ್ಟರಲ್ಲಿ ನನ್ನ ಕಡೆಯ ಅಗತ್ಯವೂ ಕರಗಿತ್ತು. 2023ರ ಅಕ್ಟೋಬರ್ 9ರಂದು ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿ ತೆರೆಯಿತು, 43 ಕಿಲೋಮೀಟರಿಗೂ ಉದ್ದದ ಒಂದೇ ದಾರಿ. ಕೆಂಗೇರಿಯಲ್ಲಿ ಹತ್ತಿದರೆ ರೈಲು ಬದಲಿಸದೆ ಆಫೀಸಿನ ಹತ್ತಿರ ಇಳಿಯಬಹುದು. ಆ ಕಂಬಗಳು ವರ್ಷಗಟ್ಟಲೆ ನನ್ನ ಕಣ್ಣೆದುರೇ ಎದ್ದಿದ್ದವು. ಆದರೂ ಶೀಟಿನಲ್ಲಿ ಮೆಟ್ರೋಗೆ ಕಾಲಂ ಇರಲಿಲ್ಲ, ಏಕೆಂದರೆ ಯಾವ ಕಾರು ಎಂಬುದೊಂದೇ ನನ್ನ ಪ್ರಶ್ನೆಯಾಗಿತ್ತು. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಎಲ್ಲರಂತೆ ನನಗೂ ಸಿಟ್ಟು ಬಂತು. ಆದರೂ ಕಾರಿನಲ್ಲಿ ಒಂದು ಕಡೆಗೆ ಸುಡುವ ಎರಡು ಲೀಟರಿಗೂ ಮೀರಿದ ಪೆಟ್ರೋಲಿನ ಮುಂದೆ ಅದು ಅರ್ಧಕ್ಕಿಂತ ಕಡಿಮೆ.

ಹೆಂಡತಿಯ ಹತ್ತಿರ ಕ್ಷಮೆ ಕೇಳಿದೆ. ಕೇಳುವುದು ಸುಲಭವಾಗಿರಲಿಲ್ಲ, ಏಕೆಂದರೆ ನಾನು ಜೋರು ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ಎಲ್ಲವನ್ನೂ ಮನೆಯ ಒಳಿತಿಗೆಂದೇ ಮಾಡಿದ್ದೆ. ಅದನ್ನೇ ಅವಳೂ ಹೇಳಿದಳು: ‘ನೀವು ಕೆಟ್ಟದ್ದು ಮಾಡಿದ್ರೆ ನಾನೂ ಜಗಳ ಆಡ್ತಿದ್ದೆ. ನನ್ನ ಕೇಳ್ಲಿಲ್ಲ ಅಷ್ಟೆ. ಇದಕ್ಕೆ ಹೇಗೆ ಜಗಳ ಆಡ್ಲಿ?’ ಆಮೇಲೆ ಸೆಕೆಂಡ್ ಹ್ಯಾಂಡ್ ಸಣ್ಣ ಆಟೋಮ್ಯಾಟಿಕ್ ಕಾರೊಂದನ್ನು ಅವಳೇ ಆರಿಸಿದಳು. ನಾನು ಪಕ್ಕದ ಸೀಟಿನಲ್ಲಿ ಕೂತಿದ್ದೆ. ಗಾಂಧಿಬಜಾರಿನ ಅಡ್ಡರಸ್ತೆಯಲ್ಲಿ ಓಡಿಸಿ ನೋಡದೆ ಮಾತಾಡುವುದಿಲ್ಲ ಎಂದು ಮಾರುವವರಿಗೆ ಮೊದಲೇ ಹೇಳಿದ್ದಳು. ಎರಡನೇ ಪಾರ್ಕಿಂಗಿಗೆ ಪಕ್ಕದ ಮನೆಯವರಿಗೆ ತಿಂಗಳ ಬಾಡಿಗೆ ಕೊಡುತ್ತಿದ್ದೇವೆ. ಹೈಕ್ರಾಸ್ ರಜೆಯಲ್ಲಿ ಹಾಸನಕ್ಕೆ ಹೋಗಿ ಬರುತ್ತದೆ, ಉಳಿದಂತೆ ನಿಂತಿರುತ್ತದೆ. ಕಂತು ಇನ್ನೂ ಇದೆ. ಮಾರಬೇಕೋ ಬೇಡವೋ ಎಂದು ಇಬ್ಬರೂ ಕೂತು ಮಾತಾಡುತ್ತಿದ್ದೇವೆ.

ಈಗ ಬಾಮೈದನಿಗೆ ಹೈಬ್ರಿಡ್ ಬೇಕಂತೆ. ಅದೇ ಬಿಡದಿಯಲ್ಲಿ ತಯಾರಾಗುವ ಹೈರೈಡರ್ ನೋಡಿದ್ದಾನೆ. ‘ಭಾವ, 27.97 ಮೈಲೇಜು, ನೀವೇನಂತೀರ?’ ಎಂದು ಫೋನು ಮಾಡಿದ. ಮೈಲೇಜಿನ ಸುದ್ದಿಗೆ ಹೋಗದೆ ಎರಡು ಪ್ರಶ್ನೆ ಕೇಳಿದೆ: ಈಗಿರುವ ಕಾರು ಎಷ್ಟು ಪೆಟ್ರೋಲ್ ಕುಡಿಯುತ್ತದೆ, ಅದನ್ನು ಹೆಚ್ಚಾಗಿ ಓಡಿಸುವವರು ಯಾರು. ಕಳೆದ ಭಾನುವಾರ ಟೆಸ್ಟ್ ಡ್ರೈವ್‌ಗೆ ಅವನ ಹೆಂಡತಿಯೂ ಹೋಗಿದ್ದಳು, ಅತ್ತೆಯವರ ಮಡಿಸುವ ವೀಲ್‌ಚೇರನ್ನೂ ಜೊತೆಗೆ ಒಯ್ದಿದ್ದಳು. ಓಡಿಸಲು ಹಿತವಾಗಿದೆ ಅಂದಳಂತೆ. ಆದರೆ ಹೈಬ್ರಿಡ್ ಮಾದರಿಯಲ್ಲಿ ಬ್ಯಾಟರಿ ಹಿಂದಿರುವುದರಿಂದ ಡಿಕ್ಕಿಯ ಜಾಗ ಕಡಿಮೆ. ವೀಲ್‌ಚೇರು ಒಳಗೆ ಹೋಯಿತು, ಅದರ ಜೊತೆಗೆ ಒಂದು ಸೂಟ್‌ಕೇಸು ಹೋಗಲಿಲ್ಲ. ಈ ವಾರ ಇಬ್ಬರೂ ಹೈಬ್ರಿಡ್ ಅಲ್ಲದ ಮಾದರಿಯ ಡಿಕ್ಕಿ ಅಳೆಯಲು ಹೋಗುತ್ತಿದ್ದಾರೆ.