ಟಿಪ್ಸಿ, ಟೈಟ್ ಮತ್ತು ಕುಡುಕ

ಕುಡಿದವನನ್ನು ಬಣ್ಣಿಸಲು ಇಂಗ್ಲಿಷಿನಲ್ಲಿರುವ ಪದಗಳಿಗೆ ಲೆಕ್ಕವಿಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲೇ ಇಂಥ ಇನ್ನೂರಕ್ಕೂ ಹೆಚ್ಚು ಮಾತುಗಳ ಪಟ್ಟಿಯನ್ನು ತನ್ನ ಪತ್ರಿಕೆಯಲ್ಲಿ ಪ್ರಕಟಿಸಿದ್ದ. ಕಾಲೇಜಿಗೆ ಹೋಗುವ ನನ್ನ ಮಗಳು ಇಂಗ್ಲಿಷ್ ಕಾದಂಬರಿ ಹಿಡಿದು ‘ಅಬ್ಬಾ, ಟಿಪ್ಸಿ ಅಂದರೇನು, ಹ್ಯಾಮರ್ಡ್ ಅಂದರೇನು?’ ಎಂದು ಕೇಳಿದಳು. ನಿಘಂಟು ಎರಡಕ್ಕೂ ‘ಕುಡಿದ’ ಎಂದೇ ಹೇಳಿ ಸುಮ್ಮನಾಯಿತು. ಒಂದು ಹನಿಯನ್ನೂ ಬಾಯಿಗಿಡದ ನನಗೆ ಒದಗಿ ಬಂದದ್ದು ನಮ್ಮ ಸೀತೂರಿನ ರಸ್ತೆ.

ಸಂಜೆ ಬಸ್ಸಿಳಿದು ಕಾರಣವಿಲ್ಲದೆ ನಗುತ್ತ, ಕಂಡವರಿಗೆಲ್ಲ ಎರಡೆರಡು ಸಲ ನಮಸ್ಕಾರ ಹೇಳುವವನು ಟಿಪ್ಸಿ. ನಾಲಿಗೆ ತುಸು ದಪ್ಪವಾಗಿದ್ದರೂ ಕಾಲು ಮನೆಯ ದಾರಿ ಮರೆತಿರುವುದಿಲ್ಲ. ಎಂದೋ ತೀರಿಕೊಂಡ ತಾಯಿಯನ್ನು ನೆನೆದು ಅಂಗಡಿ ಕಟ್ಟೆಯಲ್ಲಿ ಅಳುವವನು ಮಾಡ್ಲಿನ್. ಕ್ರೈಸ್ತ ಚಿತ್ರಗಳಲ್ಲಿ ಕಣ್ಣೀರಿಡುವ ಮಗ್ದಲದ ಮರಿಯಳ ಹೆಸರಿನಿಂದ ಹುಟ್ಟಿದ ಪದ ಅದು. ಚರಂಡಿಯ ಪಕ್ಕ ಬಿದ್ದವನು ಹ್ಯಾಮರ್ಡ್, ಅಂದರೆ ಸುತ್ತಿಗೆಯ ಏಟು ತಿಂದವನು. ‘ಟೈಟ್’ ನಮ್ಮೂರಿಗೂ ಬಂದಿದೆ. ಇಂಗ್ಲಿಷರಿಗೆ ಅದು ಹಳೆಯ, ಮೃದುವಾದ ಮಾತು. ನಮ್ಮಲ್ಲಿ ‘ಫುಲ್ ಟೈಟ್’ ಎಂದರೆ ಇಬ್ಬರು ಹೆಗಲು ಕೊಟ್ಟು ಮನೆ ಮುಟ್ಟಿಸಬೇಕು.

ಪದಗಳೂ ಹಾಗೆಯೇ ತೂರಾಡುತ್ತ ಊರೂರು ಸುತ್ತುತ್ತವೆ. ಅರಬ್ಬಿಯ ‘ಅಮಲ್’ ಎಂದರೆ ಕೆಲಸ, ನಡತೆ. ನಮ್ಮ ಅಮ್ಮಿ ‘ಅಚ್ಛೇ ಅಮಲ್ ಕರೋ’ ಎನ್ನುತ್ತಿದ್ದರು. ಕನ್ನಡ ಶಾಲೆಯಲ್ಲಿ ಅದೇ ಪದ ಅಮಲ್ದಾರನಾಗಿ ಕುರ್ಚಿ ಏರಿತು, ಬೀದಿಯಲ್ಲಿ ಅಮಲಾಗಿ ತಲೆಗೇರಿತು. ರೋಜಾ ಬಿಡುವಾಗ ನಾವು ಕುಡಿಯುವ ಶರಬತ್ತಿಗೂ ಶರಾಬಿಗೂ ಬೇರು ಒಂದೇ.

ಆದರೆ ನನ್ನನ್ನು ಕಾಡಿದ್ದು ವ್ಯಾಕರಣ. ತೋಟದ ಮಾಲೀಕರ ಮನೆಯ ಪಾರ್ಟಿಯಲ್ಲಿ ಕುಡಿದವರನ್ನು ‘ಸ್ವಲ್ಪ ಹೈ ಆಗಿದ್ದಾರೆ’ ಎನ್ನುತ್ತೇವೆ. ಅದೇ ತೋಟದಲ್ಲಿ ಅಡಿಕೆ ಕೊನೆ ತೆಗೆಯುವವನು ಬರೀ ‘ಕುಡುಕ’. ಒಂದು ವಿಶೇಷಣ, ಇನ್ನೊಂದು ನಾಮಪದ. ವಿಶೇಷಣ ಬೆಳಿಗ್ಗೆ ನಿಶೆಯ ಜೊತೆಗೇ ಇಳಿದುಹೋಗುತ್ತದೆ. ನಾಮಪದ ಇಳಿಯುವುದಿಲ್ಲ, ಮಗನ ಬೆನ್ನಿಗೂ ಅಂಟಿಕೊಂಡು ಶಾಲೆಗೆ ಹೋಗುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಹೋಯಿತು, ಬಾರಿನ ಬಾಟಲಿ ಉಳಿಯಿತು, ಹೆಸರೂ ಉಳಿಯಿತು. ಸ್ವತಃ ಕುಡಿಯದ ಜಿ.ಪಿ. ರಾಜರತ್ನಂ 1930ರ ದಶಕದಲ್ಲೇ ಹೆಂಡಗುಡುಕನೊಬ್ಬನಿಗೆ ರತ್ನ ಎಂದು ಹೆಸರಿಟ್ಟರು. ಅವನದೇ ಭಾಷೆಯಲ್ಲಿ ಮಾತಾಡಿಸಿ, ಪ್ರೀತಿಸಲು ಪುಟ್ನಂಜಿಯನ್ನೂ ಕೊಟ್ಟರು. ಅದು ಎಷ್ಟು ದೊಡ್ಡ ಗೌರವವೆಂದು ಈಗ ಅರ್ಥವಾಗುತ್ತಿದೆ.

ಇಷ್ಟೆಲ್ಲ ಪದಗಳಲ್ಲಿ ಕುಡಿದವನ ಹೆಂಡತಿಗೆ ಒಂದೂ ಇಲ್ಲ. ನಮ್ಮ ನೆರೆಯಾಕೆ ಇಂಗ್ಲಿಷ್ ಓದಿದವಳಲ್ಲ. ಆದರೂ ಗಂಡನ ಚಪ್ಪಲಿಯ ಸದ್ದು ತಿರುವಿನಲ್ಲಿ ಕೇಳಿದೊಡನೆ ಅವಳಿಗೆ ಎಲ್ಲ ತಿಳಿಯುತ್ತದೆ. ಬೇಲಿಯಾಚೆಯಿಂದ ನನ್ನ ಹೆಂಡತಿಗೆ ಒಂದು ದಿನ ‘ಇವತ್ತು ಅಡ್ಡಿಲ್ಲ ಅಕ್ಕಾ’ ಎನ್ನುತ್ತಾಳೆ. ಇನ್ನೊಂದು ದಿನ ‘ಮಕ್ಕಳು ನಿಮ್ಮಲ್ಲೇ ಮಲಗಲಿ ಅಕ್ಕಾ’ ಎನ್ನುತ್ತಾಳೆ. ಆಗ ನಾವು ಮರುಮಾತಾಡದೆ ಎರಡು ಚಾಪೆ ಹೆಚ್ಚು ಹಾಸುತ್ತೇವೆ.