ಉಣಕಲ್ಲಿನಲ್ಲಿ ಒಂದು ಸೊಟ್ಟ ಪ್ಲೇಟು

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟ ಬಸ್ಸು ಉಣಕಲ್ ಕೆರೆಯ ಹತ್ತಿರ ಬಂತೆಂದರೆ ಕಿಟಕಿಯಲ್ಲಿ ತಂಪು ಗಾಳಿ. ಊರೊಳಗೆ ನಡೆದರೆ ನಾಲ್ಕೂ ದಿಕ್ಕಿಗೆ ಬಾಗಿಲಿರುವ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ. ಗಂಗೂಬಾಯಿ ಹಾನಗಲ್ಲರ ಹೆಸರಿನ ಗುರುಕುಲ 2011ರಲ್ಲಿ ಆರಂಭವಾದದ್ದೂ ಇಲ್ಲಿಯೇ. ಆದರೆ ಕಳೆದ ಬೇಸಿಗೆಯಲ್ಲಿ ಮಗನನ್ನು ಕರೆದುಕೊಂಡು ನಾನಿಲ್ಲಿಗೆ ಬಂದದ್ದು ಗುಡಿ ನೋಡಲಿಕ್ಕಲ್ಲ. ಅವನ ಕಂಕುಳಲ್ಲಿದ್ದ ಒಂದು ಗ್ರಾಮಾಫೋನ್ ಪ್ಲೇಟಿನ ಸಲುವಾಗಿ.

ಇಂಜಿನಿಯರಿಂಗ್ ಓದುವ ಹುಡುಗ. ಮೆಸ್ಸಿಗೆಂದು ಕೊಟ್ಟ ಎರಡು ತಿಂಗಳ ಹಣದಲ್ಲಿ ಲಂಡನ್ನಿನ ಮಾರಾಟಗಾರನೊಬ್ಬನಿಂದ ಹಿಂದೂಸ್ತಾನಿ ಗಾಯನದ ಹಳೆಯ ಎಲ್‌ಪಿ ತರಿಸಿದ್ದ. ಬೆಲೆಯ ಮೇಲೆ ಸಾಗಣೆ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ. ಮನೆಯಲ್ಲಿ ಮಾತು ಬೆಳೆದು, ಅಪ್ಪ-ಮಗ ಮುಖ ನೋಡದ ಸ್ಥಿತಿ ಬಂತು.

ಉಣಕಲ್ಲಿನ ಆ ನಿವೃತ್ತ ಮಾಸ್ತರರ ಮನೆಯಲ್ಲಿ ಪ್ಲೇಟುಗಳೇ ಒಂದು ಕೋಣೆ ತುಂಬಿವೆ. ಅವರು ಎಲ್‌ಪಿ ತಿರುಗಿಸಿದರು. ಸೂಜಿ ಕೆರೆಯ ದೋಣಿಯಂತೆ ಏರಿಳಿಯಿತು.

“ಬಿಸಲಿಗೆ ಸೊಟ್ಟ ಆಗೇತಿ, ತಮ್ಮಾ. ವಿನೈಲ್ ಅಂದ್ರ ಪ್ಲಾಸ್ಟಿಕ್. ಕಾರಿನಾಗ, ಗೋದಾಮಿನಾಗ ಕಾವು ಹತ್ತಿದ್ರ ಮುಗೀತು. ಇನ್ನ ಇದನ್ನ ಓದು” ಎಂದು ಲೇಬಲ್ ತೋರಿಸಿದರು. ‘ಮೇಡ್ ಇನ್ ಇಂಡಿಯಾ’! ಕಲ್ಕತ್ತೆಯಲ್ಲಿ ಅಚ್ಚಾದದ್ದು ಸಮುದ್ರ ದಾಟಿ ಹೋಗಿ, ನಾಲ್ಕು ಪಟ್ಟು ಬೆಲೆ ಹೊತ್ತು ಮರಳಿತ್ತು. ಹುಡುಗ ತಲೆ ತಗ್ಗಿಸಿದ. ನನಗೆ ನಗು ತಡೆಯಲಾಗಲಿಲ್ಲ.

ಮಾಸ್ತರರು ಮತ್ತಷ್ಟು ಹೇಳಿದರು. ಮಾರುವವನು ‘ಹೊಸದರಂತಿದೆ’ ಎಂದರೆ ಅದು ಅವನ ಕಣ್ಣಳತೆ; ನುಡಿಸಿ ನೋಡಿದ್ದಾನೆಯೇ ಎಂದು ಕೇಳಬೇಕು. ಎರಡೂ ಮುಖದ, ಲೇಬಲ್ಲಿನ ಫೋಟೋ ತರಿಸಿಕೊಳ್ಳಬೇಕು. ಹೊಸ ಮರುಮುದ್ರಣವನ್ನು ಹಳೆಯದೆಂದು ಮಾರುವವರಿದ್ದಾರೆ. ಕೆಟ್ಟರೆ ಹಿಂದಿರುಗಿಸುವ ಖರ್ಚು ಯಾರದೆಂದು ಮೊದಲೇ ತಿಳಿಯಬೇಕು. ಅಗ್ಗದ ಯಂತ್ರದ ಭಾರವಾದ ಸೂಜಿ ದುಬಾರಿ ಪ್ಲೇಟನ್ನು ಕೆರೆದು ಹಾಳು ಮಾಡುತ್ತದೆ.

ಆಮೇಲೆ ಅವರು ಅರಗಿನ ಹಳೆಯ 78ರ ಪ್ಲೇಟೊಂದನ್ನು ತೆಗೆದರು. 1930ರ ದಶಕದಲ್ಲಿ ಗಂಗೂಬಾಯಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಕಂಠ ಗಡುಸಾಯಿತು. ನಾವೆಲ್ಲ ಕೇಳಿ ಬೆಳೆದದ್ದು ಆ ಗಡಸು ದನಿಯನ್ನೇ. ಇಲ್ಲಿ ಕೇಳಿದ್ದು ಎಳೆಯ, ಏರುದನಿ. ಗರಗರ ಸದ್ದಿನ ನಡುವೆ ಅದು ತೇಲಿ ಬಂದಾಗ, ಮಗ ಯಾಕೆ ಮೆಸ್ಸಿನ ಊಟ ಬಿಟ್ಟನೆಂದು ನನಗೆ ಅರ್ಥವಾಯಿತು.

“ಮೊದಲ ಕೇಳು, ಆಮ್ಯಾಲೆ ಕೊಳ್ಳು. ಕೇಳಾಕ ಇಲ್ಲಿಗೇ ಬಾ, ರೊಕ್ಕ ಬ್ಯಾಡ” ಎಂದರು ಮಾಸ್ತರರು.

ಸಂಜೆ ಕೆರೆಯ ದಂಡೆಯಲ್ಲಿ ಇಬ್ಬರೂ ಗಿರಮಿಟ್ಟು ತಿಂದೆವು. ಈಗ ಅವನು ಪ್ರತಿ ರವಿವಾರ ಉಣಕಲ್ಲಿಗೆ ಹೋಗುತ್ತಾನೆ. ಕೆಲವೊಮ್ಮೆ ನಾನೂ.